ಭರತನಿಗೆ ಪ್ರವೇಶ, ರಾಮನಿಗಿಲ್ಲ

ಹೆಸರು ಕೇಳಿ, ಹೇಳಿದ ಮೇಲೆ ‘ಅದು ಹೆಸರೇ ಅಲ್ಲ’ ಎನ್ನುವ ಎದೆಗಾರಿಕೆ ಯಾರಿಗಿರುತ್ತದೆ ಹೇಳಿ? ಹಾಜರಿ ಕೂಗುವ ಮೇಷ್ಟರಿಗಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವನಿಗಿಲ್ಲ. ಅವನು ಹೆಚ್ಚೆಂದರೆ ‘ಷ’ ಇರಬೇಕಾದಲ್ಲಿ ‘ಶ’ ಹಾಕಿ ಸುಮ್ಮನಾಗುತ್ತಾನೆ. ಠಾಣೆಯ ರೈಟರಿಗೂ ಬಹುಶಃ ಇಲ್ಲ. ವೆಬ್‌ಸೈಟಿನ ಫಾರ್ಮಿಗೆ ಮಾತ್ರ ಉಂಟು. ಜೋಯಿಸರು ನಕ್ಷತ್ರ ನೋಡಿ ಅಕ್ಷರ ಕೊಟ್ಟು, ಅಜ್ಜಿಯ ಹಟಕ್ಕೆ ಅದನ್ನು ಬದಲಾಯಿಸಿ, ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಮೂರು ಸಲ ಉಸುರಿದ ಹೆಸರನ್ನು ನೀವು ಶ್ರದ್ಧೆಯಿಂದ ಟೈಪ್ ಮಾಡುತ್ತೀರಿ. ಕೆಳಗೆ ಕೆಂಪಕ್ಷರದಲ್ಲಿ ಬರುತ್ತದೆ: ‘ದಯವಿಟ್ಟು ಸರಿಯಾದ ಹೆಸರನ್ನು ನಮೂದಿಸಿ.’ ಆ ‘ದಯವಿಟ್ಟು’ ಕಂಡರೆ ಇನ್ನಷ್ಟು ಮೈ ಉರಿಯುತ್ತದೆ, ಅಲ್ಲವೇ?

ಆ ಕೆಂಪಕ್ಷರ ಎಲ್ಲಿಂದ ಬಂತು, ಯಾಕೆ ಬಂತು, ಹೇಗೆ ಹೋದೀತು ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನಲ್ಲಿ ಈ ಕೆಲಸದವರು ಬೀದಿಗಿಬ್ಬರು ಸಿಗುತ್ತಾರಾದ್ದರಿಂದ ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಊರಿಗೆ ಹೋದಾಗ ವಿವರಿಸುವುದು ಮಾತ್ರ ಕಷ್ಟ. ‘ಸಾಫ್ಟ್‌ವೇರು’ ಎಂದರೆ ಸಾಮಾನ್ಯವಾಗಿ ಸಾಕು. ಪ್ಯಾಕೇಜ್ ಎಷ್ಟು ಎಂಬುದೊಂದನ್ನು ಬಿಟ್ಟು ಬೇರೆ ಪ್ರಶ್ನೆ ಬರುವುದಿಲ್ಲ. ನಮ್ಮ ಸೋದರತ್ತೆ ಅಷ್ಟಕ್ಕೆ ಬಿಡುವವರಲ್ಲ. ‘ಸಾಫ್ಟ್‌ವೇರು ಸರಿ ಕಣೋ, ಬೆಳಗಿಂದ ಸಂಜೆ ತನಕ ಕೂತ್ಕೊಂಡು ಮಾಡೋದೇನು?’ ಎಂದು ಕೇಳಿದರು. ‘ಜನ ಫಾರ್ಮು ತುಂಬೋವಾಗ ಎಲ್ಲಿ ಸಿಕ್ಕಿಹಾಕ್ಕೋತಾರೆ ಅಂತ ನೋಡಿ ಸರಿಮಾಡ್ತೀನತ್ತೆ’ ಎಂದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, ‘ಅಷ್ಟಕ್ಕೆ ಇಂಜಿನಿಯರಿಂಗ್ ಓದ್ಬೇಕಿತ್ತೇನೋ? ನಮ್ಮ ಪೋಸ್ಟಾಫೀಸಿನ ಜವಾನ ಅದನ್ನೇ ಮಾಡ್ತಿದ್ದ, ಎರಡು ರೂಪಾಯಿ ಕೊಟ್ರೆ’ ಎಂದರು. ಇದಕ್ಕೆ ತಕ್ಕ ಉತ್ತರ ಇನ್ನೂ ಹೊಳೆದಿಲ್ಲ.

ಅದಿರಲಿ, ನಾನು ಹೇಳಹೊರಟದ್ದು ರಾಮ ಮತ್ತು ಭರತರ ವಿಚಾರ. ಒಂದು ಸಂಸ್ಥೆ. ಹೆಸರು ಬೇಡ, ಬಿಲ್ಲಿನ ಕೊನೆಯ ಕಂತು ಇನ್ನೂ ಬರಬೇಕಿದೆ. ಅವರ ಸದಸ್ಯತ್ವದ ಅರ್ಜಿಯನ್ನು ಕನ್ನಡದಲ್ಲೇ ತುಂಬುವ ಹಾಗೆ ಯಾರೋ ವೆಬ್‌ಸೈಟು ಮಾಡಿಕೊಟ್ಟು, ಕೆಲಸ ಬಿಟ್ಟು ಹೋಗಿದ್ದರು. ನಮ್ಮ ಕಸುಬಿನಲ್ಲಿ ಬಗ್ಗುಗಳೆಲ್ಲ ಬಿಟ್ಟು ಹೋದವರು ಬರೆದವೇ. ಇರುವವರು ಬರೆದ ಬಗ್ಗನ್ನು ಯಾರೂ ಕಂಡಿಲ್ಲ. ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸಲು, ಕೋಡಿನ ಲೆಕ್ಕಪತ್ರ ಇಡುವ ಗಿಟ್‌ನಲ್ಲಿ ಒಂದು ಆಜ್ಞೆಯಿದೆ, ಅದರ ಹೆಸರೇ ‘ಬ್ಲೇಮ್’. ನೋಡಿ, ಹುಡುಕುವ ಮೊದಲೇ ಉದ್ದೇಶ ಸ್ಪಷ್ಟ. ನಮಗೆ ಬಂದ ದೂರು ಒಂದೇ ಸಾಲಿನದು: ಕೆಲವರ ಹೆಸರು ತೆಗೆದುಕೊಳ್ಳುತ್ತದೆ, ಕೆಲವರದು ತೆಗೆದುಕೊಳ್ಳುವುದಿಲ್ಲ.

ಇಂಥ ದೂರು ಬಂದಾಗ ಆಫೀಸಿನಲ್ಲಿ ನಡೆಯುವ ತರ್ಕಗಳನ್ನು ಕೇಳಬೇಕು. ಒಬ್ಬರು ಅದು ಹಳೆಯ ಫೋನಿನ ದೋಷ ಎಂದರು. ಇನ್ನೊಬ್ಬರು ಹಳ್ಳಿ ಕಡೆ ನೆಟ್‌ವರ್ಕ್ ಸರಿಯಿಲ್ಲ ಎಂದರು. ಬೆಂಗಳೂರಿನಲ್ಲಿ ಕೂತು ಯಾವುದಕ್ಕೆ ಬೇಕಾದರೂ ಹೇಳಬಹುದಾದ ಮಾತು ಅದು. ಮೂರನೆಯವರು ‘ನನ್ನ ಮಷೀನಲ್ಲಿ ಓಡ್ತಿದೆಯಲ್ಲ’ ಎಂದರು. ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ನೋಡಿದ್ದರು. ಸರ್ವರಿನ ಲಾಗ್ ತೆರೆದರೆ ಅಲ್ಲಿ ಏನೂ ಇಲ್ಲ. ಇರುವುದೆಲ್ಲಿಂದ? ಅರ್ಜಿ ಬ್ರೌಸರಿನ ಹೊಸಿಲು ದಾಟಿಯೇ ಇರಲಿಲ್ಲ. ಸಬ್ಮಿಟ್ ಒತ್ತಿದವರ ಕೈಯಲ್ಲೇ ಅದು ಸತ್ತಿತ್ತು.

ದಾರಿ ತೋರಿಸಿದವರು ಟೆಸ್ಟಿಂಗ್ ವಿಭಾಗದ ಒಬ್ಬ ಹೆಣ್ಣುಮಗಳು. ಟೆಸ್ಟಿಂಗ್‌ನವರೆಂದರೆ ನಮ್ಮವರಿಗೆ ಸ್ವಲ್ಪ ಭಯ. ವಯಸ್ಸು ಕೇಳಿದಲ್ಲಿ ಮೈನಸ್ ಏಳು ಎಂದು ಬರೆಯುವವರು, ಹೆಸರಿನ ಜಾಗದಲ್ಲಿ ಸ್ಪೇಸ್‌ಬಾರನ್ನು ಮಾತ್ರ ಹತ್ತು ಸಲ ಒತ್ತಿ ಮುಂದೆ ಹೋಗುವವರು. ಈಕೆ ಸುಮ್ಮನೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿದರು. ಕಮಲ ಒಳಗೆ, ವಿಮಲ ಹೊರಗೆ. ರಮಣ ಒಳಗೆ, ಸುರೇಶ ಹೊರಗೆ. ಬೇಜಾರಾಗಿ ರಾಮಾಯಣದಿಂದ ಹೆಸರು ಹೆಕ್ಕತೊಡಗಿದರು. ರಾಮ ಹೊರಗೆ. ಸೀತೆ ಹೊರಗೆ. ಲಕ್ಷ್ಮಣ ಹೊರಗೆ, ಶತ್ರುಘ್ನ ಹೊರಗೆ, ಆಂಜನೇಯನೂ ಹೊರಗೆ. ಭರತ ಒಳಗೆ! ದಶರಥನೂ ಒಳಗೆ. ಪಕ್ಕದ ಮೇಜಿನಿಂದ ಒಬ್ಬರು ಇಣುಕಿ, ‘ಇದನ್ನ ಕೈಕೇಯಿನೇ ಬರೆಸಿರಬೇಕು’ ಎಂದರು. ಪಾಪ, ಆಕೆಯ ಹೆಸರು ಹಾಕಿ ನೋಡಿದರೆ ಆಕೆಯೂ ಹೊರಗೆ. ಜನಕ ಮಹಾರಾಜ ಮಾತ್ರ ಯಾವ ತಕರಾರೂ ಇಲ್ಲದೆ ಸದಸ್ಯನಾದ. ಹನ್ನೆರಡನೇ ಶತಮಾನಕ್ಕೆ ಬಂದರೆ ಬಸವ ಒಳಗೆ, ಗೌರವ ಸೇರಿಸಿ ಬಸವಣ್ಣ ಎಂದರೆ ಹೊರಗೆ. ಅಲ್ಲಮನಿಗೂ ಅಕ್ಕನಿಗೂ ಬಾಗಿಲೇ ತೆರೆಯಲಿಲ್ಲ.

ನಿಮಗೆ ಹೊಳೆಯಿತೇ? ಇಲ್ಲವಾದರೆ ಮೇಲಿನ ಹೆಸರುಗಳನ್ನು ಇನ್ನೊಮ್ಮೆ, ಕಣ್ಣಿನಿಂದ ಮಾತ್ರ, ಓದಿ. ಒಳಗೆ ಹೋದವರ ಹೆಸರಿನಲ್ಲಿ ಇಳಿಯಿಲ್ಲ, ಗುಡಿಸಿಲ್ಲ, ಕೊಂಬಿಲ್ಲ, ಸೊನ್ನೆಯಿಲ್ಲ, ಒತ್ತಕ್ಷರವಿಲ್ಲ. ಒಂದನೇ ತರಗತಿಯಲ್ಲಿ ಮೇಷ್ಟರು ಬೆತ್ತ ಹಿಡಿದು ‘ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ, ಕಕ್ಕೆ ಕೊಂಬು ಕು’ ಎಂದು ರಾಗವಾಗಿ ಹೇಳಿಸುತ್ತಿದ್ದರಲ್ಲ, ಗಣಕಗಳಿಗೆ ಲಿಪಿಗಳನ್ನು ಕಲಿಸುವ ಯೂನಿಕೋಡಿನವರು ಕನ್ನಡವನ್ನು ಕಲಿತಿರುವುದೂ ಅದೇ ರೀತಿ. ಅವರು ಕನ್ನಡಕ್ಕೆಂದು 128 ಸ್ಥಾನಗಳನ್ನು ಕಾದಿರಿಸಿದ್ದಾರೆ. ಅದರಲ್ಲಿ ‘ಕ’ಗೆ ಒಂದು ಸ್ಥಾನವಿದೆ, ಇಳಿಗೆ ಬೇರೊಂದು ಸ್ಥಾನವಿದೆ, ‘ಕಾ’ ಎಂಬುದಕ್ಕೆ ಸ್ವಂತ ಸ್ಥಾನವಿಲ್ಲ, ಅದು ಇವೆರಡನ್ನೂ ಜೋಡಿಸಿದ್ದು. ಇಷ್ಟರವರೆಗೆ ಮೇಷ್ಟರಿಗೂ ಯೂನಿಕೋಡಿಗೂ ಜಗಳವಿಲ್ಲ. ಜಗಳ ಇರುವುದು ಜಾತಿ ಪಟ್ಟಿಯಲ್ಲಿ. ‘ಕ’ಗೆ ಅಲ್ಲಿ ‘ಅಕ್ಷರ’ ಎಂಬ ವರ್ಗ. ಇಳಿ, ಗುಡಿಸು, ಕೊಂಬು, ಸೊನ್ನೆ ಮತ್ತು ಒತ್ತು ಮೂಡಿಸುವ ಅರ್ಧಾಕ್ಷರದ ಚಿಹ್ನೆ, ಇವಕ್ಕೆಲ್ಲ ‘ಗುರುತು’ ಎಂಬ ಬೇರೆ ವರ್ಗ. ಜಾವಾಸ್ಕ್ರಿಪ್ಟಿನಲ್ಲಿ 2018ರಿಂದ ಒಂದು ಸೌಕರ್ಯ ಬಂದಿದೆ: ‘ಜಗತ್ತಿನ ಯಾವ ಭಾಷೆಯ ಅಕ್ಷರವಾದರೂ ಸರಿ, ಅಕ್ಷರ ಮಾತ್ರ ಇರಲಿ’ ಎಂದು ಒಂದೇ ಪುಟ್ಟ ಸೂತ್ರದಲ್ಲಿ ಬರೆದುಬಿಡಬಹುದು. ಬರೆದ ಪುಣ್ಯಾತ್ಮರ ಮನಸ್ಸು ದೊಡ್ಡದೇ. ಇಂಗ್ಲಿಷಿನ ಇಪ್ಪತ್ತಾರಕ್ಕೆ ನಿಲ್ಲದೆ ವಿಶ್ವಕ್ಕೇ ಬಾಗಿಲು ತೆರೆಯಲು ಹೊರಟಿದ್ದರು. ಫ್ರೆಂಚರೂ ರಷ್ಯನ್ನರೂ ಸಲೀಸಾಗಿ ಒಳಗೆ ಬರುತ್ತಿದ್ದರು. ಕನ್ನಡಿಗರಲ್ಲಿ ಕಾಗುಣಿತ ಇಲ್ಲದವರು ಮಾತ್ರ ಬಂದರು.

ಸೂತ್ರಕ್ಕೆ ‘ಗುರುತುಗಳೂ ಇರಲಿ’ ಎಂದು ಸೇರಿಸಿದ್ದಾಯಿತು. ರಾಮ ಸಪರಿವಾರನಾಗಿ ಒಳಗೆ ಬಂದ. ಎಲ್ಲರೂ ಕಾಫಿಗೆ ಹೋದೆವು. ಬರುವಷ್ಟರಲ್ಲಿ ಇನ್ನೊಂದು ದೂರು: ರಾಜ್‌ಕುಮಾರ್ ಹೆಸರನ್ನು ತೆಗೆದುಕೊಳ್ಳುತ್ತಿಲ್ಲ.

ಕರ್ನಾಟಕದಲ್ಲಿ ಕೂತು ರಾಜ್‌ಕುಮಾರ್ ಹೆಸರನ್ನೇ ಒಪ್ಪದ ಫಾರ್ಮು ಎಷ್ಟು ಹೊತ್ತು ಬಾಳೀತು? ನಮ್ಮ ಮ್ಯಾನೇಜರು ಅಭಿಮಾನಿ ಸಂಘದ ಹಳೆಯ ಸದಸ್ಯರು ಬೇರೆ. ಅವರ ಮುಖ ನೋಡಿ ನಾವು ಕಾಫಿಯನ್ನು ಅಲ್ಲೇ ಬಿಟ್ಟು ಕೂತೆವು. ವಿಷಯ ಇಷ್ಟು: ‘ಜ್’ ಪಕ್ಕಕ್ಕೆ ನೇರವಾಗಿ ‘ಕು’ ಬಂದರೆ ಗಣಕ ಅದನ್ನು ಒತ್ತಾಗಿ ಮಾಡಿ ‘ರಾಜ್ಕುಮಾರ್’ ಎಂದು ತೋರಿಸುತ್ತದೆ. ಹಾಗಾಗಬಾರದು ಎಂದರೆ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ಕೂರಿಸಬೇಕು. ಕೀಲಿಮಣೆಯ ತಂತ್ರಾಂಶಗಳು ಅದನ್ನು ಸೇರಿಸಲು ಅನುಕೂಲ ಮಾಡಿಕೊಟ್ಟಿವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗಲೂ ಅದೇ ಬೇಕು. ಅದು ಅಕ್ಷರವೂ ಅಲ್ಲ, ಗುರುತೂ ಅಲ್ಲ, ಮೂರನೆಯದೇ ಒಂದು ವರ್ಗ. ಇಂಥ ಅದೃಶ್ಯ ವಸ್ತುವಿನಿಂದ ಆಗುವ ಫಜೀತಿ ಅಷ್ಟಿಷ್ಟಲ್ಲ. ‘ಮಹೇಶ್’ ಎಂದು ಬರೆದವರ ಹೆಸರಿನ ತುದಿಯಲ್ಲಿ ಅದು ಅಂಟಿಕೊಂಡು ಕೂತಿದ್ದರೆ, ಹುಡುಕುವವರಿಗೆ ಮಹೇಶ್ ಸಿಗುವುದೇ ಇಲ್ಲ. ಹಿಂದುಮುಂದಿನ ಖಾಲಿ ಜಾಗ ಕತ್ತರಿಸುವ ‘ಟ್ರಿಮ್’ ಎಂಬ ಕತ್ತರಿ ನಮ್ಮಲ್ಲಿದೆ, ಆದರೆ ಇದನ್ನು ಅದು ಮುಟ್ಟುವುದಿಲ್ಲ. ಪರದೆಯ ಮೇಲೆ ಎರಡು ಮಹೇಶ್ ಪಕ್ಕಪಕ್ಕ ಇರುತ್ತಾರೆ, ಕೂದಲೆಳೆಯ ವ್ಯತ್ಯಾಸವೂ ಕಾಣದು. ಯಂತ್ರ ಮಾತ್ರ ಇವರಿಬ್ಬರೂ ಬೇರೆ ಬೇರೆ ಎಂದು ಹಟ ಹಿಡಿಯುತ್ತದೆ.

ಉದ್ದದ ವಿಚಾರ ಬಂದಿತೆಂದು ಹೇಳುತ್ತೇನೆ. ಬಂದಿರಲಿಲ್ಲವೇ? ಈಗ ಬಂತು. ‘ಲಕ್ಷ್ಮೀನರಸಿಂಹಸ್ವಾಮಿ’ ಎಷ್ಟು ಅಕ್ಷರ? ನಾವು ಎಣಿಸಿದರೆ ಎಂಟು. ಯಂತ್ರ ಇಳಿ, ಗುಡಿಸು, ಒತ್ತುಗಳನ್ನೆಲ್ಲ ಬಿಡಿಸಿಟ್ಟು ಹತ್ತೊಂಬತ್ತು ಎನ್ನುತ್ತದೆ. ಅದನ್ನೇ ಯುಟಿಎಫ್-8ರ ಲೆಕ್ಕದಲ್ಲಿ ತುಂಬಿಟ್ಟರೆ ಒಂದೊಂದಕ್ಕೂ ಮೂರು ಬೈಟ್, ಒಟ್ಟು 57. ಹೆಸರು ಹದಿನೈದು ಮೀರಬಾರದು ಎಂದು ಪೆಟ್ಟಿಗೆಗೆ ಮಿತಿ ಹಾಕಿದ್ದರೆ ಏನಾಗುತ್ತದೆ ಗೊತ್ತೇ? ಸ್ವಾಮಿಗಳು ‘ಲಕ್ಷ್ಮೀನರಸಿಂಹಸ್’ ಎಂದು ಸೀನಿದ ಹಾಗೆ ಅರ್ಧಕ್ಕೆ ನಿಲ್ಲುತ್ತಾರೆ. ಮುಂದೆ ಎಷ್ಟು ಒತ್ತಿದರೂ ಕೀಲಿ ಕೆಲಸ ಮಾಡುವುದಿಲ್ಲ, ತಪ್ಪೇನೆಂದು ಯಾರೂ ಹೇಳುವುದೂ ಇಲ್ಲ. ಅದಕ್ಕಿಂತ ಕೆಂಪಕ್ಷರವೇ ವಾಸಿ.

ವೆಬ್ ಪುಟದಲ್ಲಿ ಇಂಥ ಪೆಟ್ಟಿಗೆಗಳನ್ನು ಇಟ್ಟದ್ದು ಈಚಿನ ಸಂಗತಿಯೇನಲ್ಲ. 1995ರ ನವೆಂಬರಿನಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ ಹೆಸರಿನಲ್ಲಿ ಎಚ್‌ಟಿಎಂಎಲ್ 2.0 ಎಂಬ ದಾಖಲೆ ಬಂದಾಗಲೇ ಅದರಲ್ಲಿ ಫಾರ್ಮು ಇತ್ತು. ಅದೇ ವರ್ಷ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬರೆದು ಮುಗಿಸಿದರು. ಅವರು ಹತ್ತು ದಿನ ಅವಸರ ಮಾಡಿದ್ದಕ್ಕೆ ನಾವು ಮೂವತ್ತು ವರ್ಷದಿಂದ ಓವರ್‌ಟೈಮ್ ಮಾಡುತ್ತಿದ್ದೇವೆ ಎಂದು ಗೊಣಗುವವರು ನಮ್ಮಲ್ಲಿ ಇದ್ದಾರೆ. ನಾನು ಆ ಪಂಗಡದವನಲ್ಲ. ಜಾವಾಸ್ಕ್ರಿಪ್ಟಿಗೆ ಆಗ ಸಿಕ್ಕ ಮೊದಮೊದಲ ಕೆಲಸಗಳಲ್ಲಿ ಒಂದು, ತುಂಬಿದ್ದು ಸರಿಯಿದೆಯೇ ಎಂದು ಬ್ರೌಸರಿನಲ್ಲೇ ನೋಡಿ ಹೇಳುವುದು. ಅಂದಿನ ಡಯಲ್-ಅಪ್ ಕಾಲದಲ್ಲಿ ಅರ್ಜಿ ಸರ್ವರಿಗೆ ಹೋಗಿ ‘ಪಿನ್‌ಕೋಡ್ ಬಿಟ್ಟಿದ್ದೀರಿ’ ಎಂಬ ಉತ್ತರ ಹೊತ್ತು ವಾಪಸು ಬರುವಷ್ಟರಲ್ಲಿ ಒಂದು ಸಣ್ಣ ನಿದ್ದೆಯಾಗುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಈ ಬ್ರೌಸರಿನ ತಪಾಸಣೆಯನ್ನೇ ನಂಬಿಬಿಡುತ್ತಾರೆ. ಅದು ಛತ್ರದ ಮುಂಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೊಟ್ಟು, ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ವಿಚಾರಿಸುವ ಹುಡುಗಿಯರ ಸಾಲು. ಮರ್ಯಾದೆಯ ಕೆಲಸ, ಬೇಕು. ಆದರೆ ಊಟಕ್ಕೆ ಮಾತ್ರ ಬಂದ ಮಹಾನುಭಾವ ಹಿಂದಿನ ಅಡುಗೆಮನೆಯ ಬಾಗಿಲಿಂದ ನುಗ್ಗಿ ಆಗಲೇ ಎರಡನೇ ಪಂಕ್ತಿಯಲ್ಲಿ ಕೂತಿರುತ್ತಾನೆ. ಬ್ರೌಸರನ್ನೇ ಮುಟ್ಟದೆ ಸರ್ವರಿಗೆ ನೇರವಾಗಿ ಅರ್ಜಿ ಕಳಿಸುವುದು ಬಲ್ಲವರಿಗೆ ಒಂದು ನಿಮಿಷದ ಕೆಲಸ. ಆದ್ದರಿಂದ ಸರ್ವರಿನಲ್ಲೂ ಮತ್ತೊಮ್ಮೆ ನೋಡಲೇಬೇಕು, ಬೇರೆ ದಾರಿಯಿಲ್ಲ.

ಈ ಹೆಸರಿನ ರಗಳೆಯಲ್ಲಿ ಅರ್ಧ ಪಾಲು ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಪೆಟ್ಟಿಗೆಗಳದು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ತೊಂದರೆಯಿಲ್ಲ; ಧಾರವಾಡದ ಕಡೆ ಹೆಸರು, ತಂದೆ, ಅಡ್ಡಹೆಸರು ಎಂದು ಪೆಟ್ಟಿಗೆಗೆ ಹೇಳಿ ಮಾಡಿಸಿದ ಕ್ರಮ. ಅಲ್ಲಿಯ ಅಡ್ಡಹೆಸರುಗಳ ಸೊಗಸೇ ಬೇರೆ ಬಿಡಿ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದು ಹಾಜರಿ ಕೂಗಿದರೆ ಬಾಯಲ್ಲಿ ನೀರೂರಬೇಕು. ಕಷ್ಟ ಇರುವುದು ನಮ್ಮ ಹಳೇ ಮೈಸೂರಿನವರಿಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ. ಕ್ರಮಪ್ರಕಾರ ತುಂಬಿದರೆ ಕುವೆಂಪು ಅವರಿಗೆ ‘ಪ್ರಿಯ ಕುಪ್ಪಳಿ, ನಿಮ್ಮ ಅರ್ಜಿ ಸ್ವೀಕೃತವಾಗಿದೆ’ ಎಂದು ಸಂದೇಶ ಹೋಗುತ್ತಿತ್ತು. ಯು.ಆರ್. ಅನಂತಮೂರ್ತಿಯವರಿಗೆ ‘ಪ್ರಿಯ ಉಡುಪಿ’. ಕೆ.ಎಸ್. ನಿಸಾರ್ ಅಹಮದರ ಇನಿಷಿಯಲ್ಲು ಬಿಡಿಸಿದರೆ ಕೊಕ್ಕರೆಹೊಸಹಳ್ಳಿ ಶೇಖ್ ಹೈದರ್. ಯಾವ ಪೆಟ್ಟಿಗೆಗೆ ಯಾವುದನ್ನು ಹಾಕುತ್ತೀರಿ? ‘ಇನಿಷಿಯಲ್ ಬೇಡ, ಪೂರ್ತಿ ಬರೆಯಿರಿ’ ಎನ್ನುವ ಫಾರ್ಮುಗಳೂ ಇವೆ, ‘ಕೊನೆಯ ಹೆಸರು ಕಡ್ಡಾಯ’ ಎನ್ನುವವೂ ಇವೆ. ಪ್ಯಾನ್ ಕಾರ್ಡಿನ ಹತ್ತು ಅಕ್ಷರ-ಅಂಕಿಗಳಲ್ಲಿ ಐದನೆಯದು ಈ ಕೊನೆಯ ಹೆಸರಿನ ಮೊದಲ ಅಕ್ಷರ. ನಿಮ್ಮ ಕಾರ್ಡು ತೆಗೆದು ನೋಡಿ, ನೀವು ಯಾರ ಮಗನೆಂದು ಆದಾಯ ತೆರಿಗೆಯವರು ತಿಳಿದಿದ್ದಾರೆ ಎಂಬುದು ಗೊತ್ತಾಗುತ್ತದೆ.

ಒಂದೇ ಹೆಸರಿನವರ ಪಾಡು ಕಡಲಾಚೆ ಇನ್ನೂ ಚೆಂದ. ಪಾಸ್‌ಪೋರ್ಟಿನಲ್ಲಿ ಒಂದೇ ಪೆಟ್ಟಿಗೆ ತುಂಬಿದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರೆದು ಕೊಡುತ್ತಾರೆ. ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷಿಪ್ತ ರೂಪ ಅದು. ಆಮೇಲೆ ಅಲ್ಲಿಯ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಕರೆಂಟು ಬಿಲ್ಲು, ಎಲ್ಲದರಲ್ಲೂ ಆಸಾಮಿ ಎಫ್‌ಎನ್‌ಯು. ನಮ್ಮ ಕಡೆಯ ಒಬ್ಬ ಹುಡುಗನನ್ನು ಅಲ್ಲಿ ದಂತವೈದ್ಯರ ಷಾಪಿನಲ್ಲಿ ‘ಫನೂ, ಫನೂ’ ಎಂದು ಕರೆದರಂತೆ. ಅವನು ಸುತ್ತಮುತ್ತ ನೋಡಿ, ಯಾರೂ ಏಳದಿದ್ದಾಗ ತಾನೇ ಎದ್ದನಂತೆ. ಪ್ಯಾಟ್ರಿಕ್ ಮೆಕೆಂಜಿ ಎಂಬ ಪ್ರೋಗ್ರಾಮರು 2010ರಲ್ಲಿ ಹೆಸರುಗಳ ಬಗ್ಗೆ ಪ್ರೋಗ್ರಾಮರುಗಳು ನಂಬಿಕೊಂಡಿರುವ ಸುಳ್ಳುಗಳ ಪಟ್ಟಿ ಮಾಡಿದರು, ಒಟ್ಟು ನಲವತ್ತು. ಹೆಸರೆಂದರೆ ಒಬ್ಬರಿಗೆ ಒಂದೇ ಎಂಬುದರಿಂದ ಹೊರಟು, ಜನರಿಗೆ ಹೆಸರು ಇದ್ದೇ ಇರುತ್ತದೆ ಎಂಬುದರವರೆಗೆ ಅದು ಹೋಗುತ್ತದೆ. ಓದಿದವರೆಲ್ಲ ತಲೆದೂಗುತ್ತಾರೆ, ಮರುದಿನ ಬಂದು ಮತ್ತೆ ಎರಡು ಪೆಟ್ಟಿಗೆ ಇಡುತ್ತಾರೆ.

ಮಂಗಳೂರಿನ ಡಿ’ಸೋಜಾ, ಡಿ’ಕುನ್ಹಾಗಳನ್ನು ಕೇಳಿ, ಅವರದು ಬೇರೆಯೇ ಪುರಾಣ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಬರುವ ಆ ಸಣ್ಣ ಕೊಕ್ಕೆಯಿದೆಯಲ್ಲ, ಡೇಟಾಬೇಸಿನ ಭಾಷೆಯಲ್ಲಿ ಅದು ‘ಮಾತು ಇಲ್ಲಿಗೆ ಮುಗಿಯಿತು’ ಎಂಬ ಸಂಕೇತ. ಮುಗಿಯಿತೆಂದುಕೊಂಡ ಡೇಟಾಬೇಸು ‘ಸೋಜಾ’ ಎಂಬುದನ್ನು ಆಜ್ಞೆಯೆಂದು ತಿಳಿದು ಕಕ್ಕಾಬಿಕ್ಕಿಯಾಗುತ್ತದೆ. ಸೋಜಾ ಅವರು ನಿರುಪದ್ರವಿಗಳು. ಬೇಕೆಂದೇ ಕೊಕ್ಕೆಯ ಮುಂದೆ ‘ಇರುವುದನ್ನೆಲ್ಲ ಅಳಿಸು’ ಎಂಬ ಆಜ್ಞೆ ಬರೆಯುವವರೂ ಇದ್ದಾರೆ. ಮಗನಿಗೆ ಅಂಥದೇ ಹೆಸರಿಟ್ಟು ಶಾಲೆಯ ದಾಖಲೆಯನ್ನೆಲ್ಲ ಅಳಿಸಿದ ತಾಯಿಯೊಬ್ಬಳನ್ನು ಅಮೆರಿಕದ ರ‍್ಯಾಂಡಲ್ ಮನ್ರೋ 2007ರಲ್ಲಿ ವ್ಯಂಗ್ಯಚಿತ್ರವಾಗಿ ಬರೆದರು. ನಮ್ಮ ಕಸುಬಿನಲ್ಲಿ ಆ ಚಿತ್ರ ನೋಡದವರಿಲ್ಲ. ಇದಕ್ಕೆ ಪರಿಹಾರವೆಂದು ಪಿಎಚ್‌ಪಿ ಭಾಷೆಯಲ್ಲಿ ಹಿಂದೆ ಒಂದು ಮಾಯಾ ಏರ್ಪಾಡಿತ್ತು: ಕೊಕ್ಕೆ ಕಂಡಲ್ಲಿ ಅದಕ್ಕೆ ಮೊದಲು ತಾನೇ ಒಂದು ಓರೆಗೆರೆ ಹಾಕುವುದು. ತಿದ್ದಲೆಂದು ಅರ್ಜಿ ತೆರೆದು ಉಳಿಸಿದಾಗಲೆಲ್ಲ ಇನ್ನಷ್ಟು ಗೆರೆ. ವಿಳಾಸ ಬದಲಾಯಿಸಲು ನಾಲ್ಕು ಸಲ ಬಂದ ಡಿ’ಸೋಜಾ ಅವರ ಹೆಸರಿನ ನಡುವೆ ಬೇಲಿಯೇ ಎದ್ದಿರುತ್ತಿತ್ತು. 2012ರಲ್ಲಿ ಪಿಎಚ್‌ಪಿ 5.4 ಅದನ್ನು ಕಿತ್ತುಹಾಕಿತು. ಎಲ್ಲ ಸರಿಯಾಯಿತು ಎನ್ನುವಾಗ, 2017ರಲ್ಲಿ ಐಫೋನಿನವರು ನೆಟ್ಟಗಿನ ಕೊಕ್ಕೆಯನ್ನು ತಾವಾಗಿಯೇ ಬಾಗಿಸಿ ಅಂದಗಾಣಿಸತೊಡಗಿದರು. ಯಂತ್ರದ ಪಾಲಿಗೆ ನೆಟ್ಟಗಿನದು ಬೇರೆ, ಬಾಗಿದ್ದು ಬೇರೆ. ಲ್ಯಾಪ್‌ಟಾಪಿನಲ್ಲಿ ನೋಂದಾಯಿಸಿದ ಡಿ’ಸೋಜಾ ಫೋನಿನಲ್ಲಿ ಬಂದರೆ ಅಪರಿಚಿತರು.

ಇನ್ನು ಹುಟ್ಟಿದ ದಿನ. ನಮ್ಮ ಅಪ್ಪ, ಚಿಕ್ಕಪ್ಪ, ಇಬ್ಬರು ದೊಡ್ಡಮ್ಮಂದಿರು, ಎಲ್ಲರೂ ಹುಟ್ಟಿದ್ದು ಜೂನ್ ಒಂದನೇ ತಾರೀಕು. ನಿಮ್ಮ ಮನೆಯಲ್ಲೂ ಇದ್ದಾರು. ಶಾಲೆ ಶುರುವಾಗುವ ಹೊತ್ತಿಗೆ ಮಗುವನ್ನು ಎತ್ತಿ ತಂದು ಬಿಟ್ಟ ಅಜ್ಜನನ್ನು ಹೆಡ್‌ಮಾಸ್ಟರು ‘ಯಾವಾಗ ಹುಟ್ಟಿದ್ದು’ ಎಂದರೆ, ‘ದೊಡ್ಡ ಮಳೆ ಬಂದ ವರ್ಷ’ ಎಂಬ ಉತ್ತರ. ಮೇಷ್ಟರು ಲೆಕ್ಕ ಹಾಕಿ ಜೂನ್ ಒಂದು ಬರೆದು ಮುಗಿಸುತ್ತಿದ್ದರು. ಇಂಥವರು ಆನ್‌ಲೈನಿನಲ್ಲಿ ಅರ್ಜಿ ತುಂಬಿ ಉಳಿಸಿ, ಮತ್ತೆ ತೆರೆದರೆ ಮೇ 31 ಎಂದು ಕಾಣುವ ಬಗ್ಗೊಂದು ನಮ್ಮಲ್ಲಿ ಬಹಳ ಪ್ರಸಿದ್ಧ. ಬ್ರೌಸರು ಜೂನ್ ಒಂದು ಎಂಬುದನ್ನು ನಮ್ಮ ಗಡಿಯಾರದ ಪ್ರಕಾರ ಆ ದಿನದ ನಡುರಾತ್ರಿ ಹನ್ನೆರಡು ಎಂದು ಹಿಡಿಯುತ್ತದೆ. ಕಳಿಸುವಾಗ ಅದನ್ನು ಗ್ರೀನಿಚ್ ಕಾಲಕ್ಕೆ ತಿರುಗಿಸುತ್ತದೆ. ನಾವು ಅವರಿಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿ ಇನ್ನೂ ಹಿಂದಿನ ಸಂಜೆ ಆರೂವರೆ. ಸರ್ವರು ಗಂಟೆಯನ್ನು ಕತ್ತರಿಸಿ ತಾರೀಕು ಇಟ್ಟುಕೊಂಡರೆ ಮೇ 31. ಇದೇ ಕೋಡನ್ನು ನ್ಯೂಯಾರ್ಕಿನಲ್ಲಿ ಕೂತು ಪರೀಕ್ಷಿಸಿದರೆ ಬಗ್ಗು ಕಾಣುವುದೇ ಇಲ್ಲ. ಅಲ್ಲಿಯ ನಡುರಾತ್ರಿಗೆ ಗ್ರೀನಿಚ್ಚಿನಲ್ಲಿ ಅದೇ ತಾರೀಕಿನ ಬೆಳಗಿನ ಜಾವ. ‘ನಮ್ಮಲ್ಲಿ ಸರಿಯಿದೆಯಲ್ಲ, ನೀವು ಏನು ಮಾಡಿದಿರಿ?’ ಎಂದು ಅಲ್ಲಿಂದ ಮೇಲ್ ಬರುತ್ತದೆ. ನಾವೇನು ಮಾಡಿದೆವು? ಪೂರ್ವದಲ್ಲಿ ಹುಟ್ಟಿದೆವು. ತಮಾಷೆಯೆಂದರೆ ಸರ್ಕಾರಿ ನೌಕರಿಯ ನಿಯಮದಲ್ಲೂ ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಮೇ 31ರಂದು ಕಚೇರಿ ಕಚೇರಿಯಲ್ಲೂ ಹಾರ, ಶಾಲು, ಮೈಸೂರು ಪೇಟ. ಈ ಒಂದು ವಿಷಯದಲ್ಲಿ ಬಗ್ಗಿಗೂ ಸರ್ಕಾರಕ್ಕೂ ಒಮ್ಮತವಿದೆ.

ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದ ಕಥೆ ಚಿಕ್ಕದು. ಹನ್ನೊಂದು ಸ್ಥಾನ, ಅದರಲ್ಲಿ ಐದನೆಯದು ಯಾವ ಬ್ಯಾಂಕಿನದಾದರೂ ಸೊನ್ನೆಯೇ. ಮೊದಲ ನಾಲ್ಕು ಅಕ್ಷರ ಹೊಡೆದ ಕೈ ಅದೇ ಗುಂಗಿನಲ್ಲಿ ಐದನೆಯದಕ್ಕೂ ಇಂಗ್ಲಿಷಿನ ‘ಓ’ ಹೊಡೆಯುತ್ತದೆ. ಅಲ್ಲಿ ಸೊನ್ನೆಯಲ್ಲದೆ ಬೇರೇನೂ ಬರಲಾರದು ಎಂದು ಗೊತ್ತಿದ್ದ ಮೇಲೆ ‘ಓ’ ಬಂದರೆ ಸೊನ್ನೆ ಮಾಡಿಕೊಂಡು ಸುಮ್ಮನಿರಬಹುದಲ್ಲ? ಇಲ್ಲ, ಕೆಂಪಕ್ಷರ ತೋರಿಸಲೇಬೇಕು. ಬೆಂಗಳೂರಿನ ವಿಳಾಸವೂ ಹಾಗೆಯೇ. 12/1, ಮೂರನೇ ಕ್ರಾಸು, ನಾಲ್ಕನೇ ಮೇನು, ಗಂಗಮ್ಮನ ಗುಡಿ ಹಿಂದೆ. ಓರೆಗೆರೆ ಇದ್ದರೆ ‘ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’. ತೆಗೆದು 121 ಎಂದು ಬರೆದರೆ ಪಾರ್ಸೆಲ್ಲು ಗುಡಿಯಿಂದ ಅರ್ಧ ಫರ್ಲಾಂಗು ಆಚೆ, ಮತ್ಯಾರದೋ ಗೇಟಿನ ಮುಂದೆ.

ಇಷ್ಟೆಲ್ಲ ಬಗ್ಗುಗಳನ್ನೂ ಕೋಡಿನ ಒಂದು ಸಾಲೂ ನೋಡದೆ ಬಾಯಿಪಾಠ ಮಾಡಿಕೊಂಡಿರುವವರು ತಾಲ್ಲೂಕು ಕೇಂದ್ರಗಳ ಸೈಬರ್ ಸೆಂಟರಿನ ಹುಡುಗರು. ಮಂಡ್ಯದ ಕಡೆ ಅಂಥ ಒಂದು ಅಂಗಡಿಯಲ್ಲಿ ಝೆರಾಕ್ಸಿಗೆ ಕಾಯುತ್ತ ಕೂತಿದ್ದೆ. ವಯಸ್ಸಾದ ರೈತರೊಬ್ಬರು ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲೆ ಹರಡಿದ್ದರು. ಹುಡುಗನ ಬೆರಳು ನಿಲ್ಲದೆ ಓಡುತ್ತಿತ್ತು.

‘ಅಜ್ಜಾ, ಸರ್‌ನೇಮ್ ಕೇಳ್ತದೆ. ಮನೆತನದ್ ಹೆಸ್ರು ಏನಾರ ಅದಾ?’

‘ನಮ್ದುನ್ನ ದೊಡ್ಡ ಮನೆ ಅಂತಾರೆ ಕನಪ್ಪ.’

‘ಎಲ್ಡು ಪದ ತಗಳಲ್ಲ ಇದು. ಕೂಡ್ಸಿ ದೊಡ್ಮನೆ ಅಂತ ಒಡೀತೀನಿ.’

‘ಒಡಿ ಮತ್ತೆ.’

‘ಈಮೇಲ್?’

‘ಅದೆಂತದ್ಲಾ ಮಗ?’

‘ಬುಡಿ, ನಂದೇ ಆಕ್ತೀನಿ.’

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಒಂದು ಈಮೇಲಿಗೆ ಒಂದೇ ಅರ್ಜಿ ಎಂಬ ನಿಯಮ ಬಹಳ ಕಡೆ ಇರುತ್ತದೆ. ಊರಿನ ಅರ್ಧ ಜನಕ್ಕೆ ಇವನದೇ ಈಮೇಲ್ ಆದರೆ ಅದು ಹೇಗೆ ನಡೆಯುತ್ತದೆ? ಬಗ್ಗಿ ನೋಡಿದೆ. ಜಿಮೇಲಿನ ತನ್ನ ವಿಳಾಸವನ್ನು ಹೊಡೆದು, ಮೂರನೇ ಅಕ್ಷರದ ಪಕ್ಕ ಒಂದು ಚುಕ್ಕೆ ಇಟ್ಟ. ಜಿಮೇಲು ಚುಕ್ಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲ್ಲಿ ಚುಕ್ಕೆಯಿಟ್ಟರೂ ಪತ್ರ ಅದೇ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅರ್ಜಿ ಪಡೆಯುವ ಸರ್ವರಿಗೆ ಮಾತ್ರ ಪ್ರತಿ ಸಲವೂ ಹೊಸ ವಿಳಾಸ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ, ಯಾರಿಗೆ ಎಲ್ಲೆಲ್ಲಿ ಚುಕ್ಕೆ ಇಟ್ಟಿದ್ದಾನೆ ಎಂಬ ಪಟ್ಟಿಯಿತ್ತು. ಆಮೇಲೆ ಐಎಫ್‌ಎಸ್‌ಸಿ ಬಂತು. ಐದನೆಯದಕ್ಕೆ ಬಂದಾಗ ಅವನ ಬೆರಳು ತಾನಾಗಿಯೇ ಅಂಕಿಗಳ ಸಾಲಿಗೆ ಹೋಯಿತು. ವಿಳಾಸದ ಓರೆಗೆರೆಯ ಜಾಗದಲ್ಲಿ ಒಂದು ಸ್ಪೇಸು ಬಿಟ್ಟ. ಹುಟ್ಟಿದ ತಾರೀಕನ್ನು ಜೂನ್ ಎರಡು ಎಂದು ಹಾಕಿದ.

‘ಯಾಕಪ್ಪ ಎರಡು?’ ಎಂದು ತಡೆಯಲಾರದೆ ಕೇಳಿದೆ. ಕಾರ್ಡಿನಲ್ಲಿ ಒಂದು ಎಂದೇ ಇತ್ತು.

‘ಸಾ, ಈ ಸೈಟಲ್ಲಿ ಎರಡು ಆಕುದ್ರೆ ಪ್ರಿಂಟಲ್ಲಿ ಒಂದು ಬತ್ತದೆ.’

ಪ್ರಿಂಟು ಬಂತು. ಜೂನ್ ಒಂದೇ ಇತ್ತು. ಅಜ್ಜ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಒಳಜೇಬಿಗೆ ಕೈಯಿಟ್ಟು, ಎಷ್ಟಾಯಿತೆಂದು ಕೇಳಿದರು.

‘ಅರ್ಜಿಗೆ ಐವತ್ತು, ಪ್ರಿಂಟಿಗೆ ಅತ್ತು.’

‘ನನ್ ಎಸ್ರು ಕೆಡಿಸಿದ್ದಕ್ಕೂ ಕಾಸಾ?’ ಎಂದರು ಅಜ್ಜ, ಐವತ್ತರ ಒಂದೇ ನೋಟನ್ನು ಮೇಜಿನ ಮೇಲಿಡುತ್ತ.